ಕೇಳದೆ ಬಿಟ್ಟ ಮೂರನೆಯ ಪ್ರಶ್ನೆ

ಮುಂಬಯಿ ಮುನ್ಸಿಪಾಲಿಟಿಯ ಒಂದು ಆಸ್ಪತ್ರೆಯಲ್ಲಿ, ಬಾಯಿಯ ರೋಗಗಳ ಓಪಿಡಿಯಲ್ಲಿ, ನಾನು ಇಪ್ಪತ್ತೇಳು ವರ್ಷ ನರ್ಸ್ ಆಗಿದ್ದೆ. ಯಾವಾಗ ಸೀನಿಯರ್ ಆದೆ, ಯಾವಾಗ ಇನ್‌ಚಾರ್ಜ್ ಆದೆ ಎಂಬುದೆಲ್ಲ ಪೆನ್ಶನ್ ಕಾಗದದಲ್ಲಿದೆ, ಅದರಿಂದ ಯಾರೂ ಏನೂ ಕಲಿಯಬೇಕಾದ್ದಿಲ್ಲ. ಚೆಂಬೂರಿನ ನಮ್ಮ ಬಿಲ್ಡಿಂಗಿನ ಇಬ್ಬರು ಹುಡುಗಿಯರು ಈಗ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದಾರೆ. "ವಾರಿಜಾ ಆಂಟಿ, ಓಪಿಡಿ ಡ್ಯೂಟಿ ಬೋರಿಂಗ್ ಅಲ್ವಾ? ಬರೀ ಫಾರ್ಮ್ ಫಿಲ್ ಮಾಡೋದು" ಎಂದು ಅವರಲ್ಲೊಬ್ಬಳು ಕೇಳಿದಳು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಉತ್ತರ ಕೊಟ್ಟರೆ ಅರ್ಧ ಮರೆತುಹೋಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಈ ಹುಡುಗಿಯರಿಗೆ ಕನ್ನಡ ಓದಲು ಬರುವುದಿಲ್ಲ. ಅವರ ಅಮ್ಮಂದಿರು ಓದಿ ಹೇಳಲಿ.

ಬಾಯಿಯ ಓಪಿಡಿಯಲ್ಲಿ ಎಲ್ಲರೂ ಮೊದಲು ಹೇಳುವುದು "ಬಾಯಿ ತೆರೀರಿ" ಎಂದು. ರೋಗಿ ತೆರೆಯುತ್ತಾನೆ, ನಾವು ಟಾರ್ಚ್ ಹಿಡಿದು ಒಳಗೆ ಇಣುಕುತ್ತೇವೆ. ಅಷ್ಟರಲ್ಲಿ ತುಟಿ ನಮ್ಮದೇ ಬೆರಳಿನ ಕೆಳಗೆ ಮುಚ್ಚಿಹೋಗಿರುತ್ತದೆ. ಇದನ್ನು ನನಗೆ ತೋರಿಸಿಕೊಟ್ಟವರು ಆಗ ನನ್ನ ಮೇಲಿದ್ದ ಸಾವಂತ್ ಸಿಸ್ಟರ್. ಗಿಡ್ಡ ಆಳು, ದೊಡ್ಡ ಗಂಟಲು. "ಆಧೀ ಓಠ ಬಘ, ಮಗ ತೋಂಡ" ಎನ್ನುತ್ತಿದ್ದರು. ಮೊದಲು ತುಟಿ ನೋಡು, ಆಮೇಲೆ ಬಾಯಿ. ರೋಗಿ ಬಾಗಿಲಲ್ಲಿ ನಿಂತಾಗಲೇ ನೋಡಬೇಕು, ಮಾತಾಡುವಾಗ ನೋಡಬೇಕು, ಕೊನೆಗೆ ಕೆಳತುಟಿಯನ್ನು ಎರಡು ಬೆರಳಲ್ಲಿ ಹಿಡಿದು ಮಗುಚಿ ನೋಡಬೇಕು. ಬಿಳಿ ಮಚ್ಚೆ ಇದೆಯೇ, ಒಡೆದು ಕೂಡಿಕೊಳ್ಳದ ಗೆರೆ ಇದೆಯೇ, ಒತ್ತಿದರೆ ಅಂಚು ಗಟ್ಟಿಯಾಗಿ ಸಿಗುತ್ತದೆಯೇ. ಹದಿನೈದು ದಿನಕ್ಕೂ ಮಾಯದ ಹುಣ್ಣನ್ನು ನಂಬಬಾರದು. ತುಟಿಯ ಕ್ಯಾನ್ಸರ್ ಬೇಗ ಕಣ್ಣಿಗೆ ಬಿದ್ದರೆ ಸಣ್ಣ ಆಪರೇಷನ್ನಿನಲ್ಲಿ ಮುಗಿದುಹೋಗಬಹುದು, ತಡವಾದರೆ ಗದ್ದ, ಕುತ್ತಿಗೆ ಎಲ್ಲ ಸೇರಿಕೊಳ್ಳುತ್ತದೆ.

ನೋಡಿದ ಮೇಲೆ ಕೇಳುವುದು. ಸಾವಂತ್ ಸಿಸ್ಟರ್ ಪ್ರತಿಯೊಬ್ಬರಿಗೂ ಒಂದೇ ರಾಗದಲ್ಲಿ ಮೂರು ಪ್ರಶ್ನೆ ಹಾಕುತ್ತಿದ್ದರು: "ತಂಬಾಕು ಖಾತಾ ಕಾ, ಬಿಡಿ ಓಢತಾ ಕಾ, ಮಶೇರಿ ಲಾವತಾ ಕಾ?" ತಂಬಾಕು ತಿನ್ನುತ್ತೀರಾ, ಬೀಡಿ ಸೇದುತ್ತೀರಾ, ಮಶೇರಿ ಹಚ್ಚುತ್ತೀರಾ. ಮಶೇರಿ ಅಂದರೆ ತಂಬಾಕನ್ನು ಹೆಂಚಿನ ಮೇಲೆ ಕಪ್ಪಗೆ ಹುರಿದು ಮಾಡಿದ ಪುಡಿ. ಹೆಂಗಸರು ಅದರಿಂದ ಹಲ್ಲು ತಿಕ್ಕುತ್ತಾರೆ. ಮೂರು ಪ್ರಶ್ನೆ ಆದ ಮೇಲೆ ಕುಡಿತ, ಬಿಸಿಲಲ್ಲಿ ಕೆಲಸ, ಬೇರೆ ಕಾಯಿಲೆಯ ಔಷಧಿ. ಆ ರಾಗ ನನಗೆ ಆಗ ನಗೆ ತರಿಸುತ್ತಿತ್ತು. ಕ್ಯಾಂಟೀನಿನಲ್ಲಿ ಅದನ್ನು ಅಣಕಿಸಿ ಎಲ್ಲರನ್ನೂ ನಗಿಸಿದ್ದೇನೆ ಕೂಡ.

ರೋಗಿಗಳು ಸುಳ್ಳು ಹೇಳುತ್ತಾರೆ ಎನ್ನುವುದು ನಮ್ಮ ವೃತ್ತಿಯಲ್ಲಿ ಬೇಗ ಅಂಟಿಕೊಳ್ಳುವ ರೋಗ. ನನಗೂ ಅಂಟಿತ್ತು. ಬೈಕುಲ್ಲಾದ ಒಂದು ಹೋಟೆಲಿನ ಮ್ಯಾನೇಜರ್ ಸದಾನಂದ ಅವರು, ನಮ್ಮ ಉಡುಪಿ ಕಡೆಯವರೇ, ಕೆಳತುಟಿಯಲ್ಲಿ ಸಿಪ್ಪೆಗಟ್ಟಿದ ಹುಣ್ಣು ಇಟ್ಟುಕೊಂಡು ಬಂದಿದ್ದರು. ಜೊತೆಗೆ ಹೆಂಡತಿ. "ನಂಗೆ ಚಟ ಎಂತದ್ದೂ ಇಲ್ಲ ಸಿಸ್ಟರ್. ಚಾ ಒಂದು ಬಿಟ್ಟು" ಎಂದರು. ನಾನು ನಂಬಲಿಲ್ಲ. ಎರಡು ಸಲ ಕೇಳಿದೆ, ಮೂರು ಸಲ ಕೇಳಿದೆ. ಕೊನೆಗೆ ಹೆಂಡತಿಯ ಎದುರಿಗೇ, "ಮನೆಯಲ್ಲಿ ಗೊತ್ತಾಗ್ತದೆ ಅಂತ ಹೆದರ್ಬೇಡಿ, ತುಟಿಯೇ ಹೇಳ್ತಾ ಉಂಟು" ಎಂದುಬಿಟ್ಟೆ. ಆ ಹೆಂಗಸು ಗಂಡನ ಮುಖವನ್ನು ನೋಡಿದ ರೀತಿ ಈಗಲೂ ನೆನಪಿದೆ.

ಅವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಕೆಲವು ವರ್ಷದ ಹಿಂದೆ ಕಿಡ್ನಿ ಕಸಿ ಆಗಿತ್ತು. ಹೊಸ ಕಿಡ್ನಿಯನ್ನು ಮೈ ತಳ್ಳಿಹಾಕದಿರಲೆಂದು ಕೊಡುವ ಮಾತ್ರೆ ಮೈಯ ಕಾವಲನ್ನೇ ಸಡಿಲ ಮಾಡುತ್ತದೆ. ಅದಕ್ಕೂ ಮೊದಲು ಅವರು ಹನ್ನೆರಡು ವರ್ಷ ಮಧ್ಯಾಹ್ನದ ಬಿಸಿಲಲ್ಲಿ ಸ್ಕೂಟರ್ ಮೇಲೆ ಆಫೀಸುಗಳಿಗೆ ಊಟ ತಲುಪಿಸಿದವರು. "ಕೆಳತುಟಿ ಆಕಾಶಕ್ಕೆ ಮುಖ ಮಾಡಿ ಕೂತಿರುತ್ತೆ ವಾರಿಜಾ, ಮೇಲ್ದುಟಿಗೆ ಮೂಗಿನ ನೆರಳಾದರೂ ಇದೆ" ಎಂದು ಮರಾಠಿಯಲ್ಲಿ ಹೇಳಿದರು ನಮ್ಮ ವಿಭಾಗದ ಮುಖ್ಯಸ್ಥೆ. ಅವರನ್ನು ನಾವೆಲ್ಲ ಬರೀ ಮ್ಯಾಡಮ್ ಎನ್ನುತ್ತಿದ್ದೆವು. ಮಾತ್ರೆಯ ವಿಷಯವನ್ನು ನಾನು ಕೇಳಿಯೇ ಇರಲಿಲ್ಲ. ಸದಾನಂದ ಅವರ ಹುಣ್ಣನ್ನು ಸಣ್ಣದಿರುವಾಗಲೇ ತೆಗೆದರು, ಅವರು ಚೆನ್ನಾಗಿದ್ದಾರೆ. ಅವರಲ್ಲಿ ಕ್ಷಮೆ ಕೇಳಬೇಕಿತ್ತು. ಮುಂದಿನ ಸಲ ಬಂದಾಗ ನಾನು ಬೇಕೆಂದೇ ಡ್ರೆಸ್ಸಿಂಗ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಸಾವಂತ್ ಸಿಸ್ಟರ್ ನಿವೃತ್ತರಾದರು. ಹಳೆಯ ಕೇಸ್ ಪೇಪರಿನಲ್ಲಿ ಗೆರೆ ಎಳೆದ ಖಾಲಿ ಜಾಗ ಇರುತ್ತಿತ್ತು, ಬೇಕಾದಷ್ಟು ಬರೆಯಬಹುದಿತ್ತು. ಆಮೇಲೆ ಬಂದ ಫಾರ್ಮಿನಲ್ಲಿ "ಚಟ: ಇದೆ / ಇಲ್ಲ" ಎಂದು ಎರಡೇ ಚೌಕ. "ಇದೆ"ಗೆ ಗುರುತು ಬಿದ್ದರೆ ಕಾಗದಕ್ಕೆ ಕೆಂಪು ಸ್ಟಿಕ್ಕರ್, ಹುಣ್ಣು ಸಂಶಯದ್ದಾದರೆ ಅವತ್ತೇ ಬಯಾಪ್ಸಿಗೆ ಒಂದು ಚೂರು ತೆಗೆಯುವುದು, ರೋಗಿ ಮತ್ತೆ ಬರದಿದ್ದರೆ ನಮ್ಮಿಂದ ಫೋನು. "ಇಲ್ಲ" ಎಂದಿದ್ದರೆ ಇದು ಯಾವುದೂ ಇಲ್ಲ. ಅದೇ ಹೊತ್ತಿಗೆ ಓಪಿಡಿಗೆ ವಿಜಾಪುರ, ಬಾಗಲಕೋಟೆ ಕಡೆಯ ಕಟ್ಟಡ ಕೆಲಸದವರು ಹೆಚ್ಚಾಗಿ ಬರತೊಡಗಿದರು. ಕನ್ನಡ ಬಲ್ಲವಳು ನಾನೊಬ್ಬಳೇ. "ವಾರಿಜಾ, ತುಝಾ ಮಾಣೂಸ ಆಲಾ" ಎಂದು ಕರೆಯುವರು, ನಿನ್ನ ಕಡೆಯವರು ಬಂದರು ಎಂದು. ನಾನು ಸೆಟೆದುಕೊಂಡು ಹೋಗುತ್ತಿದ್ದೆ. ನಾನಿಲ್ಲದ ದಿನ ರೋಗಿಗಳೇ ಓದಿ ಉತ್ತರ ಹೇಳಲೆಂದು ಪ್ರಶ್ನೆಗಳನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೂ ಅಂಟಿಸಿದೆ: ತಂಬಾಕು ತಿನ್ನುತ್ತೀರಾ? ಬೀಡಿ, ಸಿಗರೇಟು ಸೇದುತ್ತೀರಾ? ಮದ್ಯ ಕುಡಿಯುತ್ತೀರಾ?

ಮಶೇರಿಯನ್ನು ಬಿಟ್ಟೆ. ಅದು ಮರಾಠಿ ಹೆಂಗಸರ ಅಭ್ಯಾಸ, ನಮ್ಮವರಲ್ಲಿ ಇಲ್ಲ ಎಂದು ನನಗೆ ಖಾತ್ರಿಯಿತ್ತು. ನಮ್ಮವರು ಅಂದರೆ ನನ್ನ ಮಟ್ಟಿಗೆ ಉಡುಪಿಯಿಂದ ಕುಂದಾಪುರದವರೆಗೆ. ಅದರಾಚೆ ಕರ್ನಾಟಕ ಎಷ್ಟು ಉದ್ದ ಇದೆಯೆಂದು ನಾನು ನೋಡಿರಲಿಲ್ಲ.

ಗಂಗವ್ವ ಬಂದದ್ದು ಒಂದು ಸೋಮವಾರ, ವಿಪರೀತ ರಶ್ಶಿನ ದಿನ. ನಲವತ್ತೈದರ ಸುಮಾರಿನ ಹೆಂಗಸು, ಚೆಂಬೂರಿನ ಹತ್ತಿರ ಒಂದು ಟವರಿನ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಕೆಳತುಟಿಯ ಒಳಬದಿಗೆ ಕಡಲೆಬೇಳೆಯಷ್ಟು ಹುಣ್ಣು. ಎದುರಿಗೇ ಒಂದು ಮುರಿದ ಹಲ್ಲು.

"ತಂಬಾಕು ತಿಂತೀರಾ?"

"ಇಲ್ರಿ ಬಾಯಾರ. ನಾ ಏನೂ ತಿನ್ನಂಗಿಲ್ರಿ."

"ಬೀಡಿ?"

ಅವಳು ನಕ್ಕಳು. "ಗಂಡಸರು ಸೇದ್ತಾರ್ರಿ. ನಾವ್ ಹೆಂಗ ಸೇದೂದು?"

ಕುಡಿಯುವುದನ್ನು ಕೇಳಿದ್ದಕ್ಕೆ ಸೆರಗು ಬಾಯಿಗೆ ಒತ್ತಿಕೊಂಡು ಇನ್ನೂ ನಕ್ಕಳು. ನಾನು "ಇಲ್ಲ" ಚೌಕಕ್ಕೆ ಗುರುತು ಹಾಕಿದೆ. ಚಿಕ್ಕ ಡಾಕ್ಟರ್ ಫಾರ್ಮ್ ನೋಡಿದರು, ಮುರಿದ ಹಲ್ಲು ನೋಡಿದರು, ಹಲ್ಲು ತಾಗಿ ಆದ ಹುಣ್ಣು ಎಂದು ತೀರ್ಮಾನಿಸಿ ಅದರ ಚೂಪು ಉಜ್ಜಿ ಮುಲಾಮು ಕೊಟ್ಟರು. ಎರಡು ವಾರ ಬಿಟ್ಟು ಬರಬೇಕು, ಮಾಯದಿದ್ದರೆ ಮುಂದೆ ನೋಡೋಣ. ಫಾರ್ಮಿನಲ್ಲಿ ಇದ್ದದ್ದಕ್ಕೆ ಅದು ಸರಿಯಾದ ತೀರ್ಮಾನವೇ. ನಾನು ಕನ್ನಡದಲ್ಲಿ ಎಲ್ಲವನ್ನೂ ತಿಳಿಸಿ, ಕೊನೆಗೆ ನನ್ನ ಕಡೆಯಿಂದ ಒಂದು ಉಪದೇಶವನ್ನೂ ಸೇರಿಸಿದೆ. "ಬಾಯಿ ಚೊಕ್ಕ ಇಟ್ಕೊಳ್ಳಿ. ಹಲ್ಲು ದಿನಾ ಎರಡು ಸಲ ತಿಕ್ಕಿ." ಅವಳು ತಲೆಯಾಡಿಸಿ ಹೋದಳು. ಎರಡು ವಾರಕ್ಕೆ ಬರಲಿಲ್ಲ. ಸ್ಟಿಕ್ಕರ್ ಇಲ್ಲದ ಕಾಗದವಾದ್ದರಿಂದ ಯಾರೂ ಫೋನ್ ಮಾಡಲಿಲ್ಲ.

ಐದು ವಾರ ಕಳೆದಿರಬೇಕು. ವಿಜಾಪುರದ ಇಂಡಿ ಕಡೆಯ ಇನ್ನೊಬ್ಬ ಹೆಂಗಸು ಬಂದಿದ್ದಳು, ಒಸಡಿನ ನೋವಿಗೆ. ನಾನು ನನ್ನ ಪ್ರಶ್ನೆಗಳನ್ನು ಕೇಳಿದೆ. ಎಲ್ಲಕ್ಕೂ ಇಲ್ಲ. ನನ್ನ ಹಿಂದೆ ಹತ್ತಿ ಮಡಚುತ್ತಿದ್ದ ಹೊಸ ನರ್ಸ್ ಪ್ರಾಜಕ್ತಾ, ಸಾತಾರಾದ ಹುಡುಗಿ, ತಲೆ ಎತ್ತದೆ ಮರಾಠಿಯಲ್ಲಿ ಕೇಳಿದಳು, "ಮಾವಶೀ, ಮಶೇರಿ ಲಾವತಾ ಕಾ?"

"ಹೋ, ಲಾವತೇ ಕೀ" ಎಂದಳು ಆ ಹೆಂಗಸು. ಹೌದು, ಹಚ್ಚುತ್ತೇನಲ್ಲ.

ನನಗೆ ಅವಮಾನವಾಯಿತು. "ಈಗಷ್ಟೇ ನನ್ನ ಹತ್ರ ಇಲ್ಲ ಅಂದ್ರಲ್ಲ?" ಎಂದು ಜೋರಾಗಿಯೇ ಕೇಳಿದೆ.

"ನೀವ್ ತಿಂತೀಯೇನ್ ಅಂತ ಕೇಳಿದ್ರಿ. ಮಿಶ್ರಿ ಯಾರರ ತಿಂತಾರೇನ್ರಿ ಬಾಯಾರ? ಅದು ಹಲ್ಲಿಗೆ ಹಚ್ಚೂದು." ಮಶೇರಿಗೆ ಅವರ ಕಡೆಯ ಹೆಸರು ಮಿಶ್ರಿ. ಅವಳು ನನ್ನನ್ನು ಕನಿಕರದಿಂದ ನೋಡಿದಳು. "ನಮ್ಮ ಕಡೆ ಹೆಣ್ಮಕ್ಕಳು ಎಲ್ಲಾರೂ ಹಚ್ತಾರ್ರಿ. ಮುಂಜಾನೆ ಎದ್ದ ಕೂಡ್ಲೆ."

ಗಂಗವ್ವನ ತುಟಿಯ ಕಡಲೆಬೇಳೆಯಷ್ಟು ಹುಣ್ಣು ಕಣ್ಣ ಮುಂದೆ ಬಂತು.

ರೆಕಾರ್ಡ್ ರೂಮಿಗೆ ಹೋಗಿ ಗಂಗವ್ವನ ಕಾಗದ ಹುಡುಕಿದೆ. "ಇಲ್ಲ" ಚೌಕದಲ್ಲಿ ನನ್ನ ಕೈಯ ಗುರುತು, ಕೆಳಗೆ ನನ್ನ ಸಹಿ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಪೆನ್ನು ಕೈಯಲ್ಲೇ ಇತ್ತು. ಗುರುತನ್ನು ಆ ಚೌಕದಿಂದ ಈ ಚೌಕಕ್ಕೆ ತರುವುದು ಎರಡು ಗೆರೆಯ ಕೆಲಸ. ಆಮೇಲೆ ಸ್ಟಿಕ್ಕರ್ ಅಂಟಿಸಿದರೆ ಫೋನ್ ಮಾಡದೆ ಬಿಟ್ಟವರ ತಪ್ಪಾಗುತ್ತಿತ್ತು, ನನ್ನದಲ್ಲ. ಪೆನ್ನಿನ ಮುಚ್ಚಳ ತೆಗೆದಿದ್ದೆ. ರೆಕಾರ್ಡ್ ರೂಮಿನವನು "ಕಾಯ ಝಾಲಂ ಸಿಸ್ಟರ್?" ಎಂದ, ಏನಾಯಿತು ಎಂದು. ಪೆನ್ನಿನ ಮುಚ್ಚಳ ಹಾಕಿದೆ. ಕಾಗದ ಹಿಡಿದುಕೊಂಡು ಮ್ಯಾಡಮ್ ಹತ್ತಿರ ಹೋದೆ.

ಮ್ಯಾಡಮ್ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಹಳೆಯ ಸಾಲನ್ನು ಮುಟ್ಟಬೇಡ" ಎಂದರು. "ಅದರ ಕೆಳಗೆ ಇವತ್ತಿನ ತಾರೀಖು ಹಾಕಿ, ಏನು ತಿಳಿಯಿತೋ ಅದನ್ನು ಬರಿ. ಆಮೇಲೆ ಅವಳನ್ನು ಹುಡುಕು." ನಾನು ಬರೆದೆ: ಮಿಶ್ರಿ ಅಭ್ಯಾಸ ಇರಬಹುದು, ವಿಚಾರಿಸಬೇಕು. ಗೋಡೆಯ ಮೇಲಿನ ಪ್ರಶ್ನೆಗಳನ್ನು ನಾನೇ ಕಿತ್ತು ತೆಗೆದೆ.

ಕಾಗದದಲ್ಲಿದ್ದ ಮೊಬೈಲ್ ನಂಬರ್ ಅವಳದ್ದಲ್ಲ, ಕೂಲಿಯವರನ್ನು ಕರೆತರುವ ಮುಕಾದಮನದ್ದು. ಮೂರು ದಿನ ಸ್ವಿಚ್ ಆಫ್. ನಾಲ್ಕನೆಯ ದಿನ ಸಿಕ್ಕಿದ. "ವೋ ಲೋಗ್ ಕಾಂದಿವಲಿ ಗಯೇ" ಎಂದ. ಅವರೆಲ್ಲ ಕಾಂದಿವಲಿಗೆ ಹೋದರಂತೆ. ಕಾಂದಿವಲಿಯಲ್ಲಿ ಎಲ್ಲಿ ಎಂದರೆ ಸ್ಟೇಶನ್ನಿನ ಪೂರ್ವಕ್ಕೆ, ಹೊಸ ಟವರ್. ಅಲ್ಲಿ ಎಷ್ಟು ಹೊಸ ಟವರ್ ಏಳುತ್ತಿವೆ ಎಂದು ಯಾರು ಎಣಿಸಿದ್ದಾರೆ? ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು, ಮತ್ತೆ ಎತ್ತಲಿಲ್ಲ.

ಭಾನುವಾರ ಹೊರಟೆ. ಹಾರ್ಬರ್ ಲೈನಿಗೆ ಹಳಿ ದುರಸ್ತಿಯ ಮೆಗಾ ಬ್ಲಾಕ್, ಲೋಕಲ್ ರೈಲು ಇಲ್ಲ. ಬಸ್ಸಿನಲ್ಲಿ ಕುರ್ಲಾ, ಅಲ್ಲಿಂದ ದಾದರ್, ದಾದರಿನಲ್ಲಿ ಬದಲಿಸಿ ಕಾಂದಿವಲಿ. ಮೂವತ್ತೈದನೆಯ ದಿನವೋ ನಲವತ್ತನೆಯ ದಿನವೋ ಎಂದು ದಾರಿಯುದ್ದಕ್ಕೂ ಬೆರಳು ಮಡಚುತ್ತಿದ್ದೆ. ಹುಣ್ಣು ಅದಲ್ಲದೇ ಇರಬಹುದು, ಹಲ್ಲಿನದ್ದೇ ಇರಬಹುದು, ಮಾದಿರಬಹುದು. ಹಾಗೆಂದುಕೊಂಡರೆ ಎರಡು ಸ್ಟೇಶನ್‌ವರೆಗೆ ಸಮಾಧಾನ. ಮೊದಲು ಸಿಕ್ಕ ಸೈಟಿನಲ್ಲಿ ಎಲ್ಲರೂ ತೆಲುಗಿನವರು. ಎರಡನೆಯದರಲ್ಲಿ ವಾಚ್‌ಮನ್ ಒಳಗೆ ಬಿಡಲಿಲ್ಲ, ನಾನು ಯಾವುದೋ ಯೂನಿಯನ್ನಿನವಳೆಂದು ಅವನ ಗುಮಾನಿ. ಮೂರನೆಯದರಲ್ಲಿ ತಗಡಿನ ಶೆಡ್ಡುಗಳ ಸಾಲಿನಿಂದ "ಏ ಭೀಮಪ್ಪಾ, ನೀರ್ ಬಂದೈತಿ ನೋಡೋ" ಎಂಬ ಕೂಗು ಕೇಳಿತು. ಆ ಭಾಷೆ ಕೇಳಿದ್ದೇ ನಾನು ಆ ಕಡೆ ಓಡಿದೆ.

ಭೀಮಪ್ಪ ಗಂಗವ್ವನ ಗಂಡ. ಅವಳು ಶೆಡ್ಡಿನ ಬಾಗಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಸೆರಗನ್ನು ಬಾಯಿಗೆ ಅಡ್ಡ ಸುತ್ತಿಕೊಂಡು. ಸುತ್ತಿದ್ದನ್ನು ನೋಡಿದಾಗಲೇ ನನಗೆ ಗೊತ್ತಾಯಿತು. ಬಿಚ್ಚಿಸಿ ನೋಡಿದೆ. ಬೇಳೆಯಷ್ಟಿದ್ದದ್ದು ಗೋಡಂಬಿಯಷ್ಟಾಗಿತ್ತು, ಹುಣ್ಣಿನ ಅಂಚು ಬೆರಳಿಗೆ ಗಟ್ಟಿಯಾಗಿ ಹತ್ತಿತು.

"ಗಂಗವ್ವ, ಮಿಶ್ರಿ ಹಚ್ತೀರಾ?"

"ಹಚ್ತೀನ್ರಿ" ಎಂದಳು. "ನೀವ ಹೇಳಿದ್ರಲ್ರಿ, ಹಲ್ಲು ದಿನಾ ಎರಡು ಸಲ ತಿಕ್ಕು ಅಂತ. ಮೊದ್ಲ ಒಂದ ಸಲ ಹಚ್ತಿದ್ದೆ. ಈಗ ಎರಡಲ್ಲ, ಮೂರು ಸಲ ಹಚ್ಚಾಕತ್ತೀನ್ರಿ. ತುಟಿಯಾಗ ಇಟ್ಕೊಂಡ್ರ ಉರಿನೂ ತಿಳೀವಲ್ದು, ಹಸಿವೀನೂ ಆಗಂಗಿಲ್ಲ."

ನಾನು ಅಲ್ಲೇ ಇಟ್ಟಿಗೆಯ ಮೇಲೆ ಕುಳಿತುಬಿಟ್ಟೆ. ಅವಳು ಗಾಬರಿಯಾಗಿ ನೀರು ತಂದಳು. ಅವಳ ಕೈಯಿಂದ ನೀರು ಕುಡಿದು ಅವಳಿಗೆ ಏನು ಹೇಳಲಿ? ಆಸ್ಪತ್ರೆಯವಳು ಇಷ್ಟು ದೂರ ಹುಡುಕಿಕೊಂಡು ಬಂದಳೆಂದರೆ ಸಂಗತಿ ಒಳ್ಳೆಯದಲ್ಲ ಎಂದು ಅವಳಿಗೂ ಹೊಳೆದಿತ್ತು. "ಆವಾಗ ಏನೂ ಇಲ್ಲ ಅಂದ್ರಿ. ಈಗ ಯಾಕ ಬಂದ್ರಿ?" ಎಂದಳು. ಬರಲು ಒಪ್ಪಲಿಲ್ಲ. ಆಸ್ಪತ್ರೆಗೆ ಹೋದವರು ಸುಮ್ಮನೆ ಮರಳಿ ಬರುವುದಿಲ್ಲ ಎಂದು ಭೀಮಪ್ಪನೂ ಗೊಣಗಿದ. ನಾನು ತಪ್ಪು ನನ್ನದು ಎಂದು ಹೇಳಲು ಬಾಯಿ ತೆರೆದೆ, ಹೇಳಲಾಗಲಿಲ್ಲ. ಬದಲಿಗೆ "ಮ್ಯಾಡಮ್ ನಿಮ್ಮನ್ನೇ ಕೇಳ್ತಾ ಇದ್ದಾರೆ, ನಾನೇ ಕರ್ಕೊಂಡು ಹೋಗ್ತೇನೆ" ಎಂದೆ. ಮಧ್ಯಾಹ್ನದವರೆಗೆ ಅಲ್ಲೇ ಕುಳಿತೆ, ಎದ್ದು ಹೋಗುವವಳಲ್ಲ ಎಂದು ಅವರಿಗೆ ಖಾತ್ರಿಯಾಗುವವರೆಗೆ. ಕೊನೆಗೆ ಒಪ್ಪಿದಂತೆಯೇ ಮರುದಿನ ಬೆಳಿಗ್ಗೆ ದಾದರ್ ಸ್ಟೇಶನ್ನಿನ ಸೇತುವೆಯ ಮೇಲೆ ಇಬ್ಬರೂ ಸಿಕ್ಕರು.

ಬಯಾಪ್ಸಿ ನನ್ನ ಹೆದರಿಕೆಯನ್ನೇ ಹೇಳಿತು. ಅವಳು ಬದುಕಿದಳು, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ನಿವೃತ್ತಳಾಗುವವರೆಗೂ ಚೆಕಪ್ಪಿಗೆ ಬರುತ್ತಿದ್ದಳು. ಆದರೆ ಕೆಳತುಟಿಯ ಮೂರನೆಯ ಒಂದು ಭಾಗ ಹೋಯಿತು, ಕುತ್ತಿಗೆಯನ್ನೂ ಕುಯ್ದು ಗಂಟು ತೆಗೆಯಬೇಕಾಯಿತು. ಬಾಯಿ ಸಣ್ಣದಾಗಿದೆ, ರೊಟ್ಟಿಯನ್ನು ಚೂರು ಮಾಡಿಕೊಂಡು ತಿನ್ನಬೇಕು. ಐದು ವಾರ ಮೊದಲು ಸಿಕ್ಕಿದ್ದರೆ ಇಷ್ಟು ಹೋಗುತ್ತಿತ್ತೇ ಎಂದು ಮ್ಯಾಡಮ್‌ರನ್ನು ಒಮ್ಮೆ ಕೇಳಿದೆ. ಅವರು ಮುಂದಿನ ರೋಗಿಯ ಕೇಸ್ ಪೇಪರ್ ಎತ್ತಿಕೊಂಡರು. ನಾನು ಮತ್ತೆ ಕೇಳಲಿಲ್ಲ.

ಆಪರೇಷನ್ ಆದ ನಾಲ್ಕನೆಯ ದಿನ ವಾರ್ಡಿನಲ್ಲಿ ರೌಂಡ್ಸ್. ಕನ್ನಡ ಬೇಕಾದೀತೆಂದು ಓಪಿಡಿಯಿಂದ ನನ್ನನ್ನೂ ಕರೆಸಿದ್ದರು. ಮ್ಯಾಡಮ್, ಸರ್ಜರಿಯ ಡಾಕ್ಟರುಗಳು, ಆರೇಳು ವಿದ್ಯಾರ್ಥಿಗಳು. ಗಂಗವ್ವ ಗದ್ದಕ್ಕೆ ಬ್ಯಾಂಡೇಜು ಕಟ್ಟಿಕೊಂಡು ಕುಳಿತಿದ್ದಳು, ಮಾತಾಡುವಂತಿಲ್ಲ. ಭೀಮಪ್ಪ ಕಾಲಿನ ಹತ್ತಿರ ನಿಂತಿದ್ದ. ಸರ್ಜರಿಯ ಹೊಸ ಡಾಕ್ಟರ್ ಕೇಸ್ ಪೇಪರ್ ತಿರುವಿದರು. ಮೊದಲ ಪುಟದಲ್ಲಿ "ಚಟ ಇಲ್ಲ", ಅದರ ಕೆಳಗೆ ನನ್ನ "ವಿಚಾರಿಸಬೇಕು", ಎರಡನೆಯ ಪುಟದಲ್ಲಿ "ಇಪ್ಪತ್ತು ವರ್ಷದಿಂದ ಮಿಶ್ರಿ". ಅವರು ವಿದ್ಯಾರ್ಥಿಗಳ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು, "ಪೇಷಂಟ್ ನೇ ಹಿಸ್ಟರಿ ಛುಪಾಯೀ. ಝೂಟ್ ಬೋಲಾ, ಇಸಲಿಯೇ ಲೇಟ್ ಹುವಾ." ರೋಗಿ ವಿಷಯ ಮುಚ್ಚಿಟ್ಟಳು, ಸುಳ್ಳು ಹೇಳಿದಳು, ಅದಕ್ಕೇ ತಡವಾಯಿತು. ವಿದ್ಯಾರ್ಥಿಗಳು ಬರೆದುಕೊಂಡರು.

ಮುಂಬಯಿಯಲ್ಲಿ ಇಷ್ಟು ವರ್ಷ ಇದ್ದವರಿಗೆ ಅಷ್ಟು ಹಿಂದಿ ತಿಳಿಯುತ್ತದೆ. ಭೀಮಪ್ಪನ ಮುಖ ಬಿಗಿಯಿತು. "ಡಾಕ್ಟರ್ ಮುಂದ ಸುಳ್ಳ ಯಾಕ ಹೇಳ್ದಿ?" ಎಂದು ಹೆಂಡತಿಯನ್ನು ಕೇಳಿದ. ಗಂಗವ್ವ ತಲೆ ಅಲ್ಲಾಡಿಸಿದಳು. ಇಲ್ಲ, ಇಲ್ಲ. ಗಂಟಲಿನಲ್ಲಿ ಏನೋ ಸದ್ದು ಬಂತು, ಹೊಲಿಗೆ ಎಳೆದು ಕಣ್ಣಲ್ಲಿ ನೀರು ತುಂಬಿತು. ಆಮೇಲೆ ನನ್ನ ಕಡೆ ನೋಡಿದಳು.

ನಾನು ಟ್ರಾಲಿಯ ಹಿಂದೆ ನಿಂತಿದ್ದೆ. ವಾರ್ಡಿನ ಡ್ರೆಸ್ಸಿಂಗ್ ರೂಮಿನ ಬಾಗಿಲು ನಾಲ್ಕೇ ಹೆಜ್ಜೆ. ಟ್ರಾಲಿಯ ಹಿಂದಿನಿಂದ ಮುಂದೆ ಬಂದೆ. "ಸರ್" ಎಂದೆ. "ಸರ್, ಅವಳು ಸುಳ್ಳು ಹೇಳಿಲ್ಲ. ತಿನ್ನುತ್ತೀಯಾ ಎಂದು ಕೇಳಿದೆ, ಇಲ್ಲ ಎಂದಳು. ಸೇದುತ್ತೀಯಾ ಎಂದೆ, ಇಲ್ಲ ಎಂದಳು. ಹಚ್ಚುತ್ತೀಯಾ ಎಂದು ನಾನು ಕೇಳಲೇ ಇಲ್ಲ. ಆ ಗುರುತು ನನ್ನದು." ಹಿಂದಿಯಲ್ಲಿ ಹೇಳಿ ಮುಗಿಸಿ, ಭೀಮಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಹಲ್ಲು ಎರಡು ಸಲ ತಿಕ್ಕಲು ಹೇಳಿದವಳೂ ನಾನೇ ಎಂದೂ ಹೇಳಿದೆ. ಅದನ್ನು ಅಲ್ಲಿಯವರೆಗೆ ಮ್ಯಾಡಮ್‌ಗೂ ಹೇಳಿರಲಿಲ್ಲ.

ಮ್ಯಾಡಮ್ ಆ ಡಾಕ್ಟರ ಕೈಯಿಂದ ಕೇಸ್ ಪೇಪರ್ ತೆಗೆದುಕೊಂಡು ನನ್ನ ಕೈಗೆ ಕೊಟ್ಟರು. ಟ್ರಾಲಿಯ ಮೇಲೆಯೇ ಇಟ್ಟು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು, ತಾರೀಖು ಹಾಕಿ, ಸಹಿ ಮಾಡಿದೆ. ಗಂಗವ್ವ ಬೆರಳಿನಿಂದ ಕಾಗದ ತೋರಿಸಿದಳು. ಅವಳಿಗೆ ಯಾವ ಭಾಷೆಯ ಅಕ್ಷರವೂ ಬರುವುದಿಲ್ಲ. ಹತ್ತಿರ ಕುಳಿತು ಕನ್ನಡದಲ್ಲಿ ಓದಿದೆ: "ಗಂಗವ್ವ ಕೇಳಿದ್ದಕ್ಕೆಲ್ಲ ಖರೇ ಹೇಳಿದ್ದಾಳೆ. ಕೇಳಿದ್ದು ತಪ್ಪಿತ್ತು."

ಅವಳು ತಲೆಯಾಡಿಸಿದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದು, ಕಾಗದವನ್ನು ಗಂಡನ ಕಡೆಗೆ ತಿರುಗಿಸಿ, ಇನ್ನೊಂದು ಸಲ ಓದು ಎಂದು ಕೈ ಮಾಡಿದಳು. ಓದಿದೆ, ಈ ಸಲ ಗಟ್ಟಿಯಾಗಿ.